ಅತ್ತೆ ಕಣ್ಣು ಮುಚ್ಚಿದ ಮೂರು ನಿಮಿಷ

ಎವರೆಸ್ಟ್ ಕಿಟಕಿಗೆ ಬಂದಾಗ ನಮ್ಮ ಅತ್ತೆ ಕಣ್ಣು ಮುಚ್ಚಿಕೊಂಡರು.

ನಿದ್ದೆ ಬಂತು ಅಂದುಕೊಂಡಿರಾ? ಅಲ್ಲ. ಹೆದರಿಕೆಯೂ ಅಲ್ಲ. ಎಪ್ಪತ್ತಾರು ವರ್ಷದ ಈ ಹೆಂಗಸು ಹೋದ ಚಳಿಗಾಲ ನಮ್ಮ ಡ್ರೈವ್‌ವೇ ಐಸಿನ ಮೇಲೆ ಜಾರಿ ಬಿದ್ದು, ತಾವೇ ಎದ್ದು, ಜೊತೆಗೆ ಬಿದ್ದಿದ್ದ ರೀಸೈಕ್ಲಿಂಗ್ ಡಬ್ಬಿಯನ್ನೂ ಎತ್ತಿ ನಿಲ್ಲಿಸಿ ಒಳಗೆ ಬಂದವರು. (ನನಗೆ ಗೊತ್ತಾಗಿದ್ದು ಪಕ್ಕದ ಮನೆಯವರು ಹೇಳಿದ ಮೇಲೆ.) ವಿಮಾನಕ್ಕೆ ಹೆದರುವ ಪೈಕಿಯೇ ಅಲ್ಲ.

ಅರ್ಧ ಶತಮಾನ ಕಾದಿದ್ದ ಬೆಟ್ಟ ಕಿಟಕಿಯ ಗಾಜಿನಾಚೆ ಬಂದು ನಿಂತಾಗ ಈ ಪುಣ್ಯಾತ್ಮರು ಕಣ್ಣು ಮುಚ್ಚಿಕೊಂಡರು. ಪಕ್ಕದ ಸೀಟಿನಲ್ಲಿ ಕೂತಿದ್ದವಳು ನಾನು. ಟಿಕೆಟ್ ಮಾಡಿಸಿದವಳೂ ನಾನೇ. ನನ್ನ ಬಿಪಿ ಎಲ್ಲಿಗೆ ಏರಿರಬೇಡ?

ಮೊದಲಿನಿಂದ ಹೇಳುತ್ತೇನೆ.

ನಮ್ಮ ಅತ್ತೆ ಹುಬ್ಬಳ್ಳಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತು ವರ್ಷಕ್ಕಿಂತ ಹೆಚ್ಚು ಪಾಠ ಹೇಳಿದವರು. ಐದನೇ ಇಯತ್ತೆಗೆ ಭೂಗೋಳ. ಜಾರ್ಜ್‌ಟೌನಿನ ನಮ್ಮ ಮನೆಗೆ ಬಂದು ಹನ್ನೊಂದು ವರ್ಷವಾಯಿತು, ಇನ್ನೂ ಭೂಗೋಳ ಬಿಟ್ಟಿಲ್ಲ. ಇಲ್ಲಿಯ ಸ್ಕೀ ಹಿಲ್ ತೋರಿಸಲು ಕರೆದುಕೊಂಡು ಹೋದಾಗ ಕೆಳಗಿನಿಂದ ಮೇಲಿನವರೆಗೆ ಒಮ್ಮೆ ನೋಡಿದರು. "ಇದಕ್ಕ ಗುಡ್ಡ ಅಂತಾರೇನು? ನಾವು ಇದಕ್ಕ ದಿಬ್ಬ ಅಂತ ಕಲಿಸೀವಿ" ಅಂದು ಕಾರಿಗೆ ಹೋಗಿ ಕೂತರು.

ಕಳೆದ ನವೆಂಬರಿನಲ್ಲಿ ಬ್ರಾಂಪ್ಟನ್ನಿನ ಒಂದು ಹಾಲಿನಲ್ಲಿ ರಾಜ್ಯೋತ್ಸವವಿತ್ತು. ಬಿಸಿಬೇಳೆಬಾತಿನ ಲೈನಿನಲ್ಲಿ ನಿಂತಿದ್ದೆವು. ಮುಂದಿದ್ದ ಹೆಂಗಸು ಮೂರು ಸಲ ಹಿಂತಿರುಗಿ ನೋಡಿದಳು. ನಾಲ್ಕನೇ ಸಲ ತಟ್ಟೆ ಕೆಳಗಿಟ್ಟು ಅತ್ತೆಯ ಕಾಲಿಗೆ ಬಿದ್ದಳು.

"ಅಕ್ಕೋರ, ನಾನ್ರಿ, ಶೈಲಾ. ಎರಡನೇ ಬೆಂಚು."

(ನಮ್ಮ ಕಡೆ ಟೀಚರಿಗೆ ಅಕ್ಕೋರು ಅಂತಲೇ ಕರೆಯುವುದು. ಬೆಂಗಳೂರಿನವರು ಅಕ್ಕ ಅಂದುಕೊಂಡು ಗೊಂದಲ ಮಾಡಿಕೊಳ್ಳಬೇಡಿ.)

ಶೈಲಾ ಈಗ ಮಿಸ್ಸಿಸಾಗಾದಲ್ಲಿ ಇದ್ದಾಳೆ. ಫಾರ್ಮಸಿಯಲ್ಲಿ ಕೆಲಸ. ಪಕ್ಕದಲ್ಲಿ ಹತ್ತು ವರ್ಷದ ಮಗಳು ಮೀರಾ. ಅವಳನ್ನು ಮುಂದಕ್ಕೆ ತಳ್ಳಿ ಹೇಳಿದಳು: "ಮೀರಾ, ಇವ್ರು ನಮ್ಮ ಅಕ್ಕೋರು. ಹಿಮಾಲಯ ನೋಡಿ ಬಂದವರು. ಅಲ್ಲಿ ಹೆಂಗ ಥಂಡಿ ಇರತೈತಿ, ಕಿವಿ ಹೆಂಗ ಸೆಟದು ಹೋಗತಾವು, ಎಲ್ಲಾ ನಮಗ ಕ್ಲಾಸಿನ್ಯಾಗ ಹೇಳತಿದ್ರು."

ಮೀರಾ ಕಣ್ಣರಳಿಸಿದಳು. "ರಿಯಲಿ? ಡಿಡ್ ಯೂ ಸೀ ಎವರೆಸ್ಟ್?"

ಅತ್ತೆ "ಹೂಂ" ಅಂದು ಹಪ್ಪಳದ ಕಡೆ ನೋಡಿದರು. ಬೇಸಿಗೆ ರಜೆಯಲ್ಲಿ ಮನೆಗೆ ಬರುತ್ತೇವೆ, ಮೀರಾಗೆ ಎಲ್ಲ ವಿವರವಾಗಿ ಹೇಳಬೇಕು ಅಂತ ಶೈಲಾ ಮಾತು ತೆಗೆದುಕೊಂಡೇ ಹೋದಳು.

ವಾಪಸು ಬರುವಾಗ ಕಾರಿನಲ್ಲಿ ಅತ್ತೆ ಕಾರ್ಯಕ್ರಮದ ಹಾಡು ಚೆನ್ನಾಗಿರಲಿಲ್ಲ ಅಂತಲೂ ಹೇಳಲಿಲ್ಲ. ಆಗಲೇ ನನಗೆ ಅನುಮಾನ ಬಂತು.

ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಾ, ಹಿಟ್ಟಿನ ಮೇಲಿಂದ ಕಣ್ಣೆತ್ತದೆ ಹೇಳಿದರು. "ಸವಿತಾ, ನಾ ನೋಡಿಲ್ಲವಾ."

"ಏನ್ ನೋಡಿಲ್ರಿ?"

"ಹಿಮಾಲಯ. ಹುಬ್ಬಳ್ಳಿ ಬಿಟ್ಟು ಮ್ಯಾಲ ಅಂದ್ರ ಸೋಲಾಪುರ. ಅಷ್ಟ ಆವಾಗ ನಾ ಹೋಗಿದ್ದು."

ನಾನು ಒಲೆ ಸಣ್ಣ ಮಾಡಿದೆ.

"ನೌಕರಿಗೆ ಸೇರಿದ ಮೊದಲನೇ ವರ್ಷ. ಬೋರ್ಡಿನ ಮ್ಯಾಲ ನಕಾಶೆ ತಗದು ತೋರಿಸಾಕತ್ತಿದ್ದೆ. ಒಬ್ಬಾಕಿ ಎದ್ದು ನಿಂತು ಕೇಳಿದ್ಲು, ಅಕ್ಕೋರ, ನೀವು ಹಿಮಾಲಯ ನೋಡೀರೇನ್ರಿ ಅಂತ. ಇಡೀ ಕ್ಲಾಸು ನನ್ನ ಮಾರಿ ನೋಡಾಕತ್ತಿತ್ತು. ಇಲ್ಲ ಅನ್ನಾಕ ನಾಚಿಕಿ ಬಂತು. ಹೂಂ, ನೋಡೀನಿ ಅಂದ್ಬಿಟ್ಟೆ."

"ಆತಲ್ರಿ. ಒಂದು ಸಲ ಹೇಳಿದ್ದು."

"ಎಲ್ಲಿ ಒಂದು ಸಲ? ಮುಂದಿನ ವರ್ಷ ಆಕಿ ತಂಗಿ ಬಂದ್ಲು. ಅಕ್ಕೋರು ಹಿಮಾಲಯ ನೋಡ್ಯಾರ ಅಂತ ಮನ್ಯಾಗ ಕೇಳಿಕೊಂಡ ಬಂದಿದ್ಲು. ಆಕಿಗೆ ಇಲ್ಲ ಅನ್ನಾಕ ಆಗತೈತೇನು? ಹಂಗ ವರ್ಷಾ ವರ್ಷಾ ಹೇಳಿಕೋತ ಬಂದೆ. ಕಿವಿ ಸೆಟದು ಹೋಗೂದು ನಾ ಆಮ್ಯಾಲ ಸೇರಿಸಿದ್ದು."

ನಗು ಬಂತು. ಆದರೆ ಅವರ ಮುಖ ನೋಡಿ ನಗಲಿಲ್ಲ. ಲಟ್ಟಣಿಗೆ ಬೇಡದ ಕೈ, ಹಂಚಿನಷ್ಟು ಅಗಲದ ರೊಟ್ಟಿ ಬಡಿಯುವ ಕೈ, ಸುಮ್ಮನೆ ಹಿಟ್ಟಿನ ಮೇಲೆ ನಿಂತಿತ್ತು.

"ಆ ಕೂಸು ಬ್ಯಾಸಿಗ್ಯಾಗ ಬರತಾಳ. ಕೇಳೇ ಕೇಳತಾಳ. ತಾಯಿಗೆ ಸುಳ್ಳ ಹೇಳೀನಿ, ಈಗ ಮಗಳಿಗೂ ಹೇಳ್ಲೇನು? ಈ ವಯಸ್ಸಿನ್ಯಾಗ ಸಣ್ಣ ಕೂಸಿಗೆ ನಾ ಸುಳ್ಳ ಹೇಳಂಗಿಲ್ಲವಾ."

ಪ್ರತಿ ವಾರ ಈ ಅಂಕಣ ಓದುವ ನಿಮಗೆ ನನ್ನ ಸ್ವಭಾವ ಗೊತ್ತೇ ಇದೆ. ನನಗೆ ಸಮಾಧಾನ ಹೇಳಲು ಬರುವುದಿಲ್ಲ. ಬುಕಿಂಗ್ ಮಾಡಲು ಬರುತ್ತದೆ. ಕ್ಲೈನ್‌ಬರ್ಗ್‌ನಲ್ಲಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಫ್ರಂಟ್ ಡೆಸ್ಕ್ ನನ್ನದು. ಸರಿಯಾದ ಮನುಷ್ಯನನ್ನು ಸರಿಯಾದ ಹೊತ್ತಿಗೆ ಸರಿಯಾದ ಕುರ್ಚಿಯಲ್ಲಿ ಕೂರಿಸುವುದೇ ನನ್ನ ಹೊಟ್ಟೆಪಾಡು. ಒಬ್ಬ ಅತ್ತೆಯನ್ನು ಹಿಮಾಲಯದ ಎದುರು ಕೂರಿಸಲು ಆಗುವುದಿಲ್ಲವೇ?

ಮೊಣಕಾಲು ಹತ್ತಲು ಬಿಡುವುದಿಲ್ಲ. ಎತ್ತರದ ಊರಲ್ಲಿ ಹೆಚ್ಚು ದಿನ ಇರುವುದೂ ಬೇಡ ಅಂದರು ಡಾಕ್ಟರು. ಹುಡುಕಿ ಹುಡುಕಿ ಒಂದು ದಾರಿ ಕಂಡೆ. ದೆಹಲಿಯಿಂದ ಭೂತಾನಿನ ಪಾರೋಗೆ ಹೋಗುವ ವಿಮಾನ. ನಡುವೆ ಕಾಠ್ಮಂಡುವಿನಲ್ಲಿ ಇಳಿದು, ಅಲ್ಲಿಯವರನ್ನು ಹತ್ತಿಸಿಕೊಂಡು ಮತ್ತೆ ಹಾರುತ್ತದೆ. ಕಾಠ್ಮಂಡುವಿನಿಂದ ಪಾರೋವರೆಗೆ ಹಿಮಾಲಯದ ಪಕ್ಕದಲ್ಲೇ ಪಯಣ. ನಡೆಯುವುದು ಬೇಡ, ಹತ್ತುವುದು ಬೇಡ, ಕೂತಲ್ಲೇ ದರ್ಶನ. ಹೋಗುವಾಗ ಎಡಗಡೆ ಕೂರಬೇಕು, ಬರುವಾಗ ಬಲಗಡೆ. ಮಾರ್ಚಿನಲ್ಲಿ ಹೇಗೂ ಹುಬ್ಬಳ್ಳಿಗೆ ಹೋಗುವುದಿತ್ತು.

ನಮ್ಮವರು ಬೋಲ್ಟನ್ನಿನ ಒಂದು ವೇರ್‌ಹೌಸಿನಲ್ಲಿ ಶಿಫ್ಟ್ ಸೂಪರ್‌ವೈಸರ್. ಅವರಿಗೆ ರಜೆ ಸಿಗಲಿಲ್ಲ. "ಯೂಟ್ಯೂಬಿನ್ಯಾಗ ದೊಡ್ಡ ಟೀವಿ ಮ್ಯಾಲ ತೋರಿಸಿದ್ರ ನಡ್ಯೂದಿಲ್ಲೇನು?" ಅಂದರು. ಅತ್ತೆ ಮಗನನ್ನು ಒಮ್ಮೆ ನೋಡಿದರು. ಐದನೇ ಇಯತ್ತೆಯ ನೋಟ. ನಮ್ಮವರು ಶಿಫ್ಟಿಗೆ ಹೊರಟುಹೋದರು.

ಎಲ್ಲ ಪ್ಲಾನ್ ಮಾಡಿದ್ದೆ. ಕಿಟಕಿ ಸೀಟು, ರೆಕ್ಕೆಗಿಂತ ಮುಂದೆ. ಕನ್ನಡಕ ಒರೆಸುವ ಬಟ್ಟೆ. ಚಾರ್ಜ್ ತುಂಬಿದ ಫೋನು. ಒಂದೇ ಒಂದು ವಿಷಯ ಮರೆತೆ. ಹಾಗೆ ನೋಡಿದರೆ ಅದು ನನಗೆ ಮೊದಲೇ ಗೊತ್ತಿರಬೇಕಿತ್ತು.

ಹನ್ನೊಂದು ವರ್ಷದ ಹಿಂದೆ ಮೊದಲ ಸಲ ನಯಾಗರಾಗೆ ಕರೆದುಕೊಂಡು ಹೋದಾಗಲೂ ಅವರು ಕಂಬಿ ಹಿಡಿದು ನಿಂತವರೇ ಕಣ್ಣು ಮುಚ್ಚಿ ಕೈ ಮುಗಿದಿದ್ದರು. ದೊಡ್ಡದು ಏನು ಕಂಡರೂ ಅವರಿಗೆ ಹಾಗೇ. ಗುಡಿಯಲ್ಲಿ ಮಂಗಳಾರತಿ ಎತ್ತಿದಾಗ ನಾವೆಲ್ಲ ಫೋನ್ ಎತ್ತುತ್ತೇವೆ, ಅವರು ಕಣ್ಣು ಮುಚ್ಚುತ್ತಾರೆ. ಇಷ್ಟು ದೂರ ಬಂದು, ಲೈನಿನಲ್ಲಿ ನಿಂತು, ದೇವರ ಎದುರು ಬಂದ ಕೂಡಲೇ ಕಣ್ಣು ಮುಚ್ಚುವುದು ನಮ್ಮ ಜನಕ್ಕೆ ಎಲ್ಲಿಂದ ಬಂತೋ ನನಗೆ ತಿಳಿಯದು. ನಯಾಗರಾ ಪಾಪ ಕಾದಿತ್ತು. ಕಣ್ಣು ತೆರೆದಾಗ ಅಲ್ಲೇ ಬೀಳುತ್ತಿತ್ತು.

ವಿಮಾನ ಕಾಯುತ್ತದೆಯೇ?

ದೆಹಲಿಯಿಂದ ಕಾಠ್ಮಂಡುವರೆಗೆ ಬರೀ ಮಂಜು ಮುಸುಕಿದ ಆಕಾಶ. ಅತ್ತೆ ಕಿಟಕಿಗೆ ಹಣೆ ಹಚ್ಚಿ ಕೂತಿದ್ದರು. ನಡುವಿನ ಸೀಟು ನನ್ನದು. ಆ ಕಡೆಯ ಸೀಟಿನಲ್ಲಿ ಊರಿಗೆ ಮರಳುತ್ತಿದ್ದ ಭೂತಾನಿನ ಒಬ್ಬ ಹೆಂಗಸು, ದೆಹಲಿಯಲ್ಲಿ ನರ್ಸ್. ಒಳ್ಳೆಯ ಹಿಂದಿ ಮಾತಾಡುತ್ತಿದ್ದಳು. "ಚಿಂತೆ ಬೇಡ, ಕಾಠ್ಮಂಡು ದಾಟಿದ ಮೇಲೆ ಕಾಣುತ್ತದೆ" ಅಂದಳು.

ಕಾಠ್ಮಂಡುವಿನಲ್ಲಿ ಮುಕ್ಕಾಲು ಗಂಟೆ ನಿಂತೆವು. ಪಾರೋಗೆ ಹೋಗುವವರು ಕೂತಲ್ಲೇ ಕೂತಿರಬೇಕು. ಸೆಕ್ಯುರಿಟಿಯವರು ಒಳಗೆ ಬಂದು, ಮೇಲಿನ ಪ್ರತಿ ಬ್ಯಾಗು ಮುಟ್ಟಿ, ಇದು ಯಾರದು ಅಂತ ಕೇಳುತ್ತಾ ಹೋದರು. ಅತ್ತೆ ತಮ್ಮ ಬ್ಯಾಗಿಗೆ ಕೈ ಎತ್ತಿದರು. ಬೇರೆಯವರ ಬ್ಯಾಗು ಬಂದಾಗ ಅವರ ಪರವಾಗಿ ಬೆರಳು ಮಾಡಿ ತೋರಿಸಿದರು. ಕ್ಲಾಸ್ ಮಾನಿಟರ್ ಥರ.

ಆಮೇಲೆ ಕೇಳಿದರು. "ಇದು ನೇಪಾಳ ಹೌದಲ್ಲೋ?"

"ಹೌದ್ರಿ."

"ಕಾಲ ಇಡಲಿಲ್ಲ ಅಂದ್ರ ನೇಪಾಳಕ್ಕ ಬಂದಂಗ ಆತೋ, ಇಲ್ಲೋ?"

ಅವರು ನನ್ನನ್ನು ದಾಟಿಕೊಂಡು ಎದ್ದೇ ಹೋದರು. ಏರ್‌ಹೋಸ್ಟೆಸ್ ಹತ್ತಿರ ತಮ್ಮ ಬ್ರಾಂಪ್ಟನ್ ಹಿಂದಿಯಲ್ಲಿ (ಪಾರ್ಕಿನ ಬೆಂಚಿನ ಮೇಲೆ ಪಂಜಾಬಿ ಅಜ್ಜಿಯರಿಂದ ಕಲಿತದ್ದು) ಏನೋ ಹೇಳಿದರು. ಇಳಿಯಲು ಬಿಡುವುದಿಲ್ಲ ಅಂದಳಂತೆ ಆಕೆ. ಆದರೆ ಕೈ ಹಿಡಿದು, ತೆರೆದ ಬಾಗಿಲ ಒಳಗೇ ಒಂದು ನಿಮಿಷ ನಿಲ್ಲಿಸಿಕೊಂಡಳು. ಅತ್ತೆ ಎದೆ ತುಂಬ ಉಸಿರು ಎಳೆದುಕೊಂಡು ವಾಪಸು ಬಂದು ಬೆಲ್ಟ್ ಹಾಕಿಕೊಂಡರು.

"ಗಾಳಿ ತಗೊಂಡೆ. ಬಂದಂಗ ಆತು."

ನೇಪಾಳ ಮುಗಿಯಿತು. ವಿಮಾನ ಮೇಲೆದ್ದಿತು.

ಹತ್ತಿಪ್ಪತ್ತು ನಿಮಿಷವಾಗಿತ್ತೇನೋ. ಮೈಕಿನಲ್ಲಿ ಕ್ಯಾಪ್ಟನ್ ದನಿ ಬಂತು. ಎಡಗಡೆ, ಎವರೆಸ್ಟ್. ಅಷ್ಟೇ, ಇಡೀ ವಿಮಾನ ಎಡಕ್ಕೆ ಹೊರಳಿತು. ಬಲಗಡೆಯವರೆಲ್ಲ ಎದ್ದು ಬಂದು ನಮ್ಮ ತಲೆಯ ಮೇಲಿಂದ ಫೋನ್ ಚಾಚಿದರು. ಯಾರದೋ ಮೊಣಕೈ ನನ್ನ ಕಿವಿಗೆ ತಗುಲಿತು. ನಾನೂ ಫೋನ್ ತೆಗೆದು ವಿಡಿಯೋ ಆನ್ ಮಾಡಿದೆ. ಕಿಟಕಿಯ ತುಂಬ ಅತ್ತೆಯ ತಲೆ. ನನಗೆ ಕಂಡದ್ದು ಅವರ ತುರುಬು.

ಅತ್ತೆ "ಯವ್ವಾ" ಅಂದರು, ಮೆಲ್ಲಗೆ. ಸೀಟಿಗೆ ಒರಗಿದರು. ಎರಡೂ ಕೈ ಜೋಡಿಸಿದರು. ಕಣ್ಣು ಮುಚ್ಚಿದರು.

"ಅತ್ತ್ಯಾರ" ಅಂದೆ. "ಕಣ್ಣ ತಗೀರಿ."

ತುಟಿ ಅಲುಗುತ್ತಿತ್ತು.

"ಅತ್ತ್ಯಾರ, ಇದು ಹೋಗತೈತ್ರಿ. ಆಮ್ಯಾಲ ಕೈ ಮುಗೀರಿ. ಈಗ ನೋಡ್ರಿ."

ಇಲ್ಲ. ಸೆರಗು ಜಗ್ಗಿದೆ. ಮೊಣಕೈ ಅಲ್ಲಾಡಿಸಿದೆ. ಬಾಯಿ ತೆರೆಯಿರಿ ಅಂದರೆ ತೆರೆಯದ ಪೇಷಂಟುಗಳನ್ನು ದಿನಾ ನೋಡುತ್ತೇನೆ, ಆದರೆ ಇಂಥ ಹಟ ಕಂಡಿರಲಿಲ್ಲ. ಹಿಂದಿನ ಸೀಟಿನವನು ಕಿಟಕಿ ಬಿಟ್ಟು ನಮ್ಮನ್ನೇ ನೋಡತೊಡಗಿದ. ನಾನು ಅವರ ಮುಖದ ಹತ್ತಿರ ಮುಖ ತಂದು, ಮಕ್ಕಳಿಗೆ ಹೇಳುವ ಹಾಗೆ ಹೇಳಿದೆ: "ಶೈಲಾನ ಮಗಳು ಕೇಳತಾಳ್ರಿ. ಏನ್ ಹೇಳ್ತೀರಿ?"

ಅವರು ಕಣ್ಣು ತೆರೆಯುವ ಹೊತ್ತಿಗೆ ಗಾಜಿನಾಚೆ ಬಿಳಿ ಮೋಡ ಬಿಟ್ಟರೆ ಏನೂ ಇರಲಿಲ್ಲ.

"ಹೋತೇನು?"

"ಹೋತ್ರಿ."

"ಭಾಳ ಲಗೂನ ಹೋತು."

"ವಿಮಾನ್ರೀ ಇದು. ಚಕ್ಕಡಿ ಅಲ್ಲ."

ಈ ಮಾತನ್ನು ನಾನು ಸ್ವಲ್ಪ ಜೋರಾಗಿಯೇ ಅಂದೆ. ಈಗ ನೆನೆದರೆ ಬೇಜಾರಾಗುತ್ತದೆ. ಆಗ ಸಿಟ್ಟು ನೆತ್ತಿಗೇರಿತ್ತು. ಮೋಡ ಏರಿದ್ದು ಪಾರೋವರೆಗೂ ಇಳಿಯಲಿಲ್ಲ.

ಭೂತಾನಿನ ಹೆಂಗಸು ಎಲ್ಲ ನೋಡುತ್ತಿದ್ದಳು. ಬಾಗಿ ಹಿಂದಿಯಲ್ಲಿ ಹೇಳಿದಳು. "ನನ್ನ ತಾಯಿಯೂ ಹೀಗೇ. ಎವರೆಸ್ಟ್ ಬಂತು ಅಂದರೆ ಕಣ್ಣು ಮುಚ್ಚಿ ಮಂತ್ರ ಶುರು. ಎಷ್ಟೋ ಸಲ ಈ ದಾರಿಯಲ್ಲಿ ಹಾರಿದ್ದಾಳೆ, ಇನ್ನೂ ನೋಡಿಲ್ಲ."

ಅತ್ತೆಯ ಹಿಂದಿಗೆ ಅದು ಪೂರ್ತಿ ದಕ್ಕಲಿಲ್ಲ, ಕನ್ನಡ ಮಾಡಿ ಹೇಳಿದೆ. ಅತ್ತೆಗೆ ಎಷ್ಟು ಖುಷಿಯಾಯಿತೆಂದರೆ ಬ್ಯಾಗಿನಿಂದ ಪೇಢೆಯ ಡಬ್ಬಿ ತೆಗೆದು ಅವಳ ಕೈಗೆ ಎರಡು ಪೇಢೆ ಹಾಕಿದರು. ಒಂದು ಅವಳಿಗೆ, ಒಂದು ಅವಳ ತಾಯಿಗೆ. ನನಗೆ ಕೊಡಲಿಲ್ಲ. ವಿಮಾನ ಗುಡ್ಡಗಳ ನಡುವೆ ಹುಬ್ಬಳ್ಳಿಯ ಆಟೋ ಹಾಗೆ ಓರೆಯಾಗಿ ತಿರುಗಿ ತಿರುಗಿ ಇಳಿಯಿತು.

ಮರುದಿನ ಬೆಳಿಗ್ಗೆ ಹೋಟೆಲಿನ ಬಾಲ್ಕನಿಯಲ್ಲಿ ಚಹಾ ಕುಡಿಯುತ್ತಾ ಕೇಳಿಯೇಬಿಟ್ಟೆ. "ಅಷ್ಟೊತ್ತು ಏನ್ ಬೇಡಿಕೊಂಡ್ರಿ?"

"ಬೇಡಿಕೊಳ್ಳಲಿಲ್ಲವಾ. ತಪ್ಪಾತು ಅಂದೆ."

"ಯಾರಿಗೆ?"

"ಅದಕ್ಕ. ಒಂದ ಸೆಕೆಂಡ್ ಕಂಡಿತು ನನಗ. ಅಷ್ಟ ದೊಡ್ಡದನ್ನ ಒಂದು ಗೀಟು ಮಾಡಿ ಬೋರ್ಡಿನ ಮ್ಯಾಲ ಬರೀತಿದ್ದೆ. ಗಂಟಿ ಹೊಡೀತು ಅಂದ್ರ ಡಸ್ಟರ್ ತಗೊಂಡು ಒರಸಿಬಿಡತಿದ್ದೆ. ಅದರ ಮ್ಯಾಲ ನೋಡೀನಿ ಅಂತ ಬ್ಯಾರೆ ಸುಳ್ಳ. ಅದು ಎದುರಿಗೆ ಬಂದು ನಿಂತಾಗ ಮಾರಿ ಎತ್ತಿ ನೋಡಾಕ ಆಗಲಿಲ್ಲ."

ಬೈಯಲು ಕೂಡಿಸಿಟ್ಟುಕೊಂಡಿದ್ದ ಮಾತೆಲ್ಲ ಚಹಾದ ಜೊತೆ ನುಂಗಿದೆ. ಒಂದು ಸೆಕೆಂಡ್ ಆದರೂ ನೋಡಿದ ಹಾಗೇ ಅಲ್ಲವೇ, ಆ ಹುಡುಗಿಗೆ ಧೈರ್ಯವಾಗಿ ಹೂಂ ಅನ್ನಬಹುದಲ್ಲ ಅಂದೆ. ತಲೆ ಅಲ್ಲಾಡಿಸಿದರು. ನೇಪಾಳಕ್ಕೆ ಒಂದು ಉಸಿರು ಸಾಕಾಗಿತ್ತು. ಹಿಮಾಲಯಕ್ಕೆ ಒಂದು ಸೆಕೆಂಡ್ ಸಾಲಲಿಲ್ಲ. ಅವರ ನ್ಯಾಯ ಅವರಿಗೆ.

ಬರುವಾಗ ಬಲಗಡೆಯ ಕಿಟಕಿ ಅವರದೇ ಆಗಿತ್ತು. ಕೂರಲಿಲ್ಲ. "ನಾ ಮತ್ತ ಮುಚ್ಚಿಕೊಂತೀನಿ. ನೀನರ ನೋಡು" ಅಂದು ನನ್ನನ್ನೇ ಒಳಗೆ ಕಳಿಸಿದರು. ಪಾರೋದಿಂದ ಕಾಠ್ಮಂಡುವರೆಗೆ ಬರೀ ಮೋಡ. ಕಾಠ್ಮಂಡುವಿನಲ್ಲಿ ಅತ್ತೆ ಇನ್ನೊಮ್ಮೆ ಬಾಗಿಲಿಗೆ ಹೋಗಿ ಉಸಿರಾಡಿ ಬಂದರು. ಅಲ್ಲಿಂದ ದೆಹಲಿವರೆಗೆ ಧೂಳು.

ಇಷ್ಟೆಲ್ಲ ಆಗಿ ಕಳೆದ ಭಾನುವಾರ ಶೈಲಾ ಬಂದಳು, ಮೀರಾಳನ್ನು ಕರೆದುಕೊಂಡು.

ಅತ್ತೆ ಬೆಳಿಗ್ಗೆಯಿಂದ ಇಸ್ತ್ರಿ ಸೀರೆ ಉಟ್ಟು ಕೂತಿದ್ದರು. ತಪಾಸಣೆಗೆ ಇನ್‌ಸ್ಪೆಕ್ಟರು ಬರುವ ದಿನ ಶಾಲೆಯಲ್ಲಿ ಹೀಗೇ ಕೂರುತ್ತಿದ್ದರೇನೋ. ಗಿರಮಿಟ್ಟು, ಮಿರ್ಚಿ ಭಜಿ ಮಾಡಿದ್ದೆ. ಹಿತ್ತಲ ಡೆಕ್ಕಿನ ಮೇಲೆ ಎಲ್ಲ ಕೂತೆವು. ಶೈಲಾ ತಟ್ಟೆ ಹಿಡಿಯುವ ಮೊದಲೇ ಅತ್ತೆ ಶುರು ಮಾಡಿದರು.

"ಶೈಲಾ, ನಾ ನಿಮಗ ಸುಳ್ಳ ಹೇಳಿದ್ದೆ. ನಾ ಆವಾಗ ಹಿಮಾಲಯ ನೋಡಿರಲಿಲ್ಲ. ಮೊನ್ನೆ ನೋಡಾಕ ಹೋಗಿದ್ದೆ. ಕಣ್ಣ ಮುಚ್ಚಿಕೊಂಡುಬಿಟ್ಟೆ."

ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿ, ಕೈ ಕಟ್ಟಿ ಕೂತರು. ನಾನು ಶೈಲಾಳ ಮುಖ ನೋಡಿದೆ. ಅವಳು ಗಿರಮಿಟ್ಟಿನಲ್ಲಿ ಚಮಚ ಆಡಿಸುತ್ತಿದ್ದಳು.

"ಗೊತ್ತಿತ್ರಿ ಅಕ್ಕೋರ" ಅಂದಳು.

"ಏನ್ ಗೊತ್ತಿತ್ತು?"

"ನೀವು ನೋಡಿಲ್ಲ ಅಂತ. ಇಡೀ ಕ್ಲಾಸಿಗೆ ಗೊತ್ತಿತ್ತು. ನೀವು ಒಂದ ದಿನಾನೂ ರಜಾ ಹಾಕಲಿಲ್ಲ. ನೀವು ರಜಾ ಹಾಕಿದ್ರ ನಮಗ ಸೂಟಿ ಸಿಗತಿತ್ತು, ನಾವು ದಿ‌ನಾ ದೇವರಿಗೆ ಕೇಳಿಕೋತಿದ್ವಿ. ಹಿಮಾಲಯಕ್ಕ ಯಾವಾಗ ಹೋಗಿ ಬಂದ್ರಿ ನೀವು?"

ಅತ್ತೆ ಕಟ್ಟಿದ್ದ ಕೈ ಬಿಚ್ಚಿದರು. "ಮತ್ತ ಅವತ್ತ ಎಲ್ಲಾರ ಮುಂದ, ಈ ಕೂಸಿನ ಮುಂದ, ನೋಡಿ ಬಂದವರು ಅಂತ ಹೇಳಿದಿ?"

"ನಮ್ಮ ಅಕ್ಕೋರ ಅಲ್ರೀ" ಅಂದಳು ಶೈಲಾ, ಅದರಲ್ಲೇನು ವಿಶೇಷ ಅನ್ನುವ ಹಾಗೆ.

ಅತ್ತೆ ಮೊದಲು ನಕ್ಕರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಶೈಲಾ ಕುರ್ಚಿ ಎಳೆದುಕೊಂಡು ಅವರ ಕೈ ಹಿಡಿದು ಕೂತಳು. ಅರ್ಧ ಶತಮಾನ ಹೊತ್ತಿದ್ದ ಗಂಟು ಇಷ್ಟು ಸಲೀಸಾಗಿ ಇಳಿಯುತ್ತದೆಂದು ಗೊತ್ತಿದ್ದರೆ ನಾನು ಫೋನಿನಲ್ಲೇ ಮುಗಿಸುತ್ತಿದ್ದೆ. (ಸುಳ್ಳು. ಹೋಗಿ ಬಂದದ್ದು ಒಳ್ಳೆಯದೇ ಆಯಿತು.)

ಮೀರಾ ಮಾತ್ರ ಒಪ್ಪಲಿಲ್ಲ. ಮಿರ್ಚಿಯ ಖಾರಕ್ಕೆ ನೀರು ಕುಡಿಯುತ್ತಾ, ಒಬ್ಬೊಬ್ಬರನ್ನೇ ನೋಡಿ ಕೇಳಿದಳು. "ಸೋ ನೋಬಡಿ ಸಾ ಇಟ್?"

"ಯಾಕ?" ಅಂದರು ಅತ್ತೆ. ದನಿಯಲ್ಲಿ ಹಳೆಯ ಜೋರು ವಾಪಸು ಬಂದಿತ್ತು. "ನಮ್ಮ ಸವಿತಾ ನೋಡ್ಯಾಳ. ನನ್ನ ಬಾಜೂಕ ಕೂತಿದ್ಲು. ಕಣ್ಣ ತಗದು ಕೂತಿದ್ಲು. ಆಕಿನ್ನ ಕೇಳು."

ಮೂವರೂ ನನ್ನ ಕಡೆ ತಿರುಗಿದರು.

ನಿಮಗೆ ಮಾತ್ರ ನಿಜ ಹೇಳುತ್ತೇನೆ. ಆ ದಿನದ ವಿಡಿಯೋ ಈಗಲೂ ನನ್ನ ಫೋನಿನಲ್ಲಿದೆ. ಮೂರು ನಿಮಿಷದ್ದು. ಅದರಲ್ಲಿ ನನ್ನ ಹೆಬ್ಬೆರಳಿದೆ, ಕಣ್ಣ ತಗೀರಿ ಅನ್ನುವ ನನ್ನ ಕರ್ಕಶ ದನಿಯಿದೆ, ಉಳಿದದ್ದೆಲ್ಲ ಅತ್ತೆಯ ಮುಖ. ಕಿಟಕಿಯ ಮೂಲೆಯಲ್ಲಿ ಒಂದು ಬಿಳಿ ತುಣುಕಿದೆ, ಅದು ಬೆಟ್ಟವೋ ಮೋಡವೋ ನನಗೂ ಗೊತ್ತಿಲ್ಲ. ಎಡಗಣ್ಣಿನ ರೆಪ್ಪೆಯ ಮೇಲೆ ಅವರಿಗೊಂದು ಸಣ್ಣ ಮಚ್ಚೆಯಿದೆ. ಹನ್ನೊಂದು ವರ್ಷ ಒಂದೇ ಅಡುಗೆಮನೆಯಲ್ಲಿ ಇದ್ದು ನಾನದನ್ನು ಕಂಡಿರಲಿಲ್ಲ. ಕಣ್ಣು ಮುಚ್ಚಿದರೆ ಮಾತ್ರ ಕಾಣುತ್ತದೆ. ಆ ಮುಖ ನನಗೆ ಇಷ್ಟೊಂದು ಇಷ್ಟ ಅಂತಲೂ ನನಗೆ ಗೊತ್ತಿರಲಿಲ್ಲ.

ಇದನ್ನು ಹತ್ತು ವರ್ಷದ ಹುಡುಗಿಗೆ ಹೇಗೆ ಹೇಳುವುದು? ಅದೂ ಅತ್ತೆ ಅಷ್ಟು ಹೆಮ್ಮೆಯಿಂದ ನನ್ನನ್ನೇ ನೋಡುತ್ತಾ ಕೂತಿರುವಾಗ? ಇಲ್ಲ ಅನ್ನಲು ನಾಚಿಕೆಯಾಯಿತು.

"ಹೂಂ" ಅಂದೆ. "ನೋಡೀನಿ. ಭಾಳ ಥಂಡಿ ಇತ್ತು. ಕಿವಿ ಸೆಟದು ಹೋಗಿದ್ವು."

ಮೀರಾ "ವಾವ್" ಅಂದಳು. ಮುಚ್ಚಿದ ವಿಮಾನದ ಒಳಗೆ ಕಿವಿ ಹೇಗೆ ಸೆಟೆಯುತ್ತದೆ ಅಂತ ಅವಳು ಕೇಳಲಿಲ್ಲ. ಅತ್ತೆ ಒಂದು ಕ್ಷಣ ನನ್ನ ಮುಖವನ್ನೇ ದಿಟ್ಟಿಸಿದರು. ಇನ್ನೊಂದು ಮಿರ್ಚಿ ಎತ್ತಿ ನನ್ನ ತಟ್ಟೆಗೆ ಹಾಕಿದರು.

ನನ್ನ ಮಗ ಗ್ವೆಲ್ಫ್‌ನಲ್ಲಿ ಇನ್ನೂ ಕಾಲೇಜಿನ ಮೊದಲ ವರ್ಷದಲ್ಲಿದ್ದಾನೆ. ಈ ಸುಳ್ಳನ್ನು ನಿಜ ಮಾಡಿಸಲು ಎಡಗಡೆಯ ಕಿಟಕಿ ಬುಕ್ ಮಾಡುವ ಸೊಸೆ ನನಗೆ ಬರುವುದು ಯಾವಾಗ?